ಕಾಡಿಗೆ ಹರಡುವ ಊರಿನಲ್ಲಿ

ಚೆನ್ನೈನ ಮೇ ತಿಂಗಳಲ್ಲಿ ಬೆಳಿಗ್ಗೆ ಎಂಟಕ್ಕೆ ಹಚ್ಚಿದ ಕಾಡಿಗೆ ಹತ್ತು ಗಂಟೆಗೆ ಹಚ್ಚಿದ ಜಾಗದಲ್ಲಿ ಇರುವುದಿಲ್ಲ. ತಾಂಬರಂನಿಂದ ಬೀಚ್ ಕಡೆಗೆ ಹೋಗುವ ಲೋಕಲ್ ರೈಲಿನ ಮಹಿಳೆಯರ ಬೋಗಿಯಲ್ಲಿ ನಿಂತು ನೋಡಿದರೆ ಇದು ಗೊತ್ತಾಗುತ್ತದೆ. ಆಫೀಸಿಗೆ ಹೊರಟವರು ಇಳಿಯುವ ಮೊದಲು ಫೋನಿನ ಕ್ಯಾಮೆರಾ ತೆರೆದು, ದುಪಟ್ಟಾದ ಅಂಚಿನಿಂದ ಕಣ್ಣ ಕೆಳಗೆ ಒರೆಸಿಕೊಳ್ಳುತ್ತಾರೆ. ಒರೆಸಿದಷ್ಟೂ ಕಪ್ಪು ಕೆನ್ನೆಯ ಕಡೆಗೆ ಇಳಿಯುತ್ತದೆ. ಸಮುದ್ರದಿಂದ ಬರುವ ಗಾಳಿ ತಂಪನ್ನು ಮಾತ್ರ ತರುವುದಿಲ್ಲ, ತೇವವನ್ನೂ ತರುತ್ತದೆ. ಬೆವರು ಆರುವುದಿಲ್ಲ, ಮುಖದ ಮೇಲೆಯೇ ನಿಲ್ಲುತ್ತದೆ.

ಇದಕ್ಕೆ ಸಾಮಾನ್ಯವಾಗಿ ಎರಡು ಕಾರಣ ಹೇಳುತ್ತಾರೆ. ಒಂದು, ಕೈ ನೆಟ್ಟಗಿಲ್ಲ. ಇನ್ನೊಂದು, ಕೊಂಡ ಪೆನ್ಸಿಲ್ ಅಗ್ಗದ್ದು. ಎರಡರಲ್ಲೂ ಸ್ವಲ್ಪ ನಿಜವಿದೆ. ಆದರೆ ನಡುಗದ ಕೈ, ದುಬಾರಿ ಪೆನ್ಸಿಲ್ ಎರಡೂ ಇರುವವರ ಕಾಡಿಗೆಯೂ ಈ ಊರಿನಲ್ಲಿ ಹರಡುತ್ತದೆ. ಇಲ್ಲಿ ಕಣ್ಣಿನ ಅಲಂಕಾರ ಕೆಡುವುದು ಎಣ್ಣೆಯಿಂದ. ಅದನ್ನು ಅರ್ಥ ಮಾಡಿಕೊಂಡರೆ ಅಚ್ಚುಕಟ್ಟಾದ ಗೆರೆಯ ಅರ್ಧ ಕೆಲಸ ಮುಗಿದಂತೆ. ಅಷ್ಟೇ ಅಲ್ಲ, ಗೆರೆ ನೀಟಾಗಿ ನಿಲ್ಲಲು ಏನೇನು ಮಾಡಬೇಕೋ ಕಣ್ಣು ಆರೋಗ್ಯವಾಗಿರಲೂ ಬಹುಮಟ್ಟಿಗೆ ಅದನ್ನೇ ಮಾಡಬೇಕು.

ತಮಿಳಿನಲ್ಲಿ ಕಾಡಿಗೆಗೂ ಬರೆಯುವ ಶಾಯಿಗೂ ಒಂದೇ ಪದ, ‘ಮೈ’. ಕನ್ನಡದ ‘ಮಸಿ’ಯೂ ಹೀಗೆಯೇ. ಪಾತ್ರೆಯ ತಳಕ್ಕೆ ಹಿಡಿಯುವುದೂ ಮಸಿ, ಲೇಖನಿಗೆ ತುಂಬುವುದೂ ಮಸಿ. ಹಳೆಯ ಕಾಲದಲ್ಲಿ ಎರಡೂ ನಿಜಕ್ಕೂ ಒಂದೇ ವಸ್ತುವಿನಿಂದ, ದೀಪದ ಹೊಗೆಯ ಕಪ್ಪಿನಿಂದ ಆಗುತ್ತಿದ್ದವು. ಆದರೆ ಶಾಯಿಯನ್ನು ಕಾಗದ ಹೀರಿಕೊಳ್ಳುತ್ತದೆ. ಕಾಡಿಗೆಯನ್ನು ಚರ್ಮ ಹೀರಿಕೊಳ್ಳುವುದಿಲ್ಲ, ಅದು ಮೇಲೆ ಕೂತಿರುತ್ತದೆ. ಮತದಾನದ ದಿನ ಬೆರಳಿಗೆ ಹಚ್ಚುವ ಶಾಯಿಯನ್ನೂ ತಮಿಳಿನಲ್ಲಿ ‘ಮೈ’ ಎಂದೇ ಕರೆಯುತ್ತಾರೆ. 1962ರ ಚುನಾವಣೆಯಿಂದ ಅದನ್ನು ತಯಾರಿಸುತ್ತಿರುವುದು ನಮ್ಮ ಮೈಸೂರಿನ ಬಣ್ಣ ಮತ್ತು ಅರಗಿನ ಕಾರ್ಖಾನೆ. ಅದರಲ್ಲಿರುವ ಸಿಲ್ವರ್ ನೈಟ್ರೇಟ್ ಚರ್ಮದ ಜೊತೆಗೇ ಸೇರಿಕೊಳ್ಳುವುದರಿಂದ ಆ ಗುರುತು ವಾರಗಟ್ಟಲೆ ಹೋಗುವುದಿಲ್ಲ. ಕಣ್ಣಿನ ‘ಮೈ’ಗೆ ಅಂಥ ಹಿಡಿತವಿಲ್ಲ, ಇರಲೂಬಾರದು. ಎಣ್ಣೆ, ಮೇಣ, ಕಪ್ಪು ಬಣ್ಣ ಸೇರಿದ ಒಂದು ತೆಳುವಾದ ಪದರ ಅದು.

ಮನೆಯಲ್ಲಿ ಮಾಡುವ ಕಾಡಿಗೆಯ ವಿಧಾನ ತಮಿಳುನಾಡಿನಲ್ಲೂ ಕರ್ನಾಟಕದಲ್ಲೂ ಹೆಚ್ಚುಕಡಿಮೆ ಒಂದೇ. ಗರುಗದ ಸೊಪ್ಪಿನ ರಸದಲ್ಲಿ ಬಟ್ಟೆ ನೆನೆಸಿ ಒಣಗಿಸಿ ಬತ್ತಿ ಹೊಸೆಯುತ್ತಾರೆ. ಈ ಸೊಪ್ಪಿಗೆ ತಮಿಳರು ‘ಕರಿಸಲಾಂಗಣ್ಣಿ’ ಎನ್ನುತ್ತಾರೆ. ಹರಳೆಣ್ಣೆಯ ದೀಪ ಹಚ್ಚಿ, ಮೇಲೆ ಹಿತ್ತಾಳೆ ತಟ್ಟೆ ಕವುಚಿಟ್ಟು, ಅದಕ್ಕೆ ಹಿಡಿದ ಕಪ್ಪನ್ನು ಕೆರೆದು ತುಪ್ಪದಲ್ಲೋ ಹರಳೆಣ್ಣೆಯಲ್ಲೋ ಕಲಸುತ್ತಾರೆ. ಪುಟ್ಟ ಡಬ್ಬಿಯಲ್ಲಿ ಸಿಗುವ ಐಟೆಕ್ಸ್ ಕಾಡಿಗೆ ಬಂದ ಮೇಲೆ ಹಲವು ಮನೆಗಳಲ್ಲಿ ಈ ಕೆಲಸ ನಿಂತಿತು. ಅದೂ ಚೆನ್ನೈನದೇ ಸರಕು, 1938ರಲ್ಲಿ ಶುರುವಾದ ಕಂಪನಿಯದು. ಈ ಹಳೆಯ ಕಾಡಿಗೆ ಹರಡದಿರಲಿ ಎಂದು ಯಾರೂ ಬಯಸಿರಲಿಲ್ಲ. ಕಣ್ಣು ತಂಪಾಗಲಿ ಎಂದು ಎಣ್ಣೆ ಹೆಚ್ಚೇ ಇರುತ್ತಿತ್ತು, ಹಚ್ಚುವುದು ಬೆರಳಿನಲ್ಲಿ, ಉಳಿದದ್ದು ಮಗುವಿನ ಕೆನ್ನೆಗೆ ದೃಷ್ಟಿಬೊಟ್ಟಾಗುತ್ತಿತ್ತು. ಬಣ್ಣ ಗೆರೆಯೊಳಗೇ ನಿಲ್ಲಬೇಕು ಎಂಬ ಒತ್ತಾಯ ಬಂದದ್ದು ಪೆನ್ಸಿಲ್ ಮತ್ತು ಲೈನರ್ ಬಂದ ಮೇಲೆ.

ಅಂಗಡಿಯಲ್ಲಿ ‘ವಾಟರ್‌ಪ್ರೂಫ್’ ಎಂದು ಬರೆದಿರುವ ಪೆನ್ಸಿಲ್ ಏಕೆ ಹರಡುತ್ತದೆ ಎಂಬ ಪ್ರಶ್ನೆಗೂ ಉತ್ತರ ಇಲ್ಲೇ ಇದೆ. ಅದು ನೀರನ್ನು ತಡೆಯುತ್ತದೆ, ಎಣ್ಣೆಯನ್ನು ತಡೆಯುವುದಿಲ್ಲ. ಮುಖದ ಚರ್ಮ ದಿನವಿಡೀ ಜಿಡ್ಡು ಬಿಡುತ್ತಿರುತ್ತದೆ. ಸೆಕೆಗೆ ಆ ಜಿಡ್ಡು ತೆಳ್ಳಗಾಗಿ ರೆಪ್ಪೆಯ ಮಡಿಕೆಗೆ ಇಳಿಯುತ್ತದೆ, ಅಲ್ಲಿ ಮೇಣದ ಗೆರೆಯನ್ನು ಮೆತ್ತಗೆ ಮಾಡುತ್ತದೆ. ಕಣ್ಣು ಮುಚ್ಚಿ ತೆರೆದಾಗಲೆಲ್ಲ ಅದು ಮೇಲೂ ಕೆಳಗೂ ಅಚ್ಚೊತ್ತುತ್ತದೆ. ಮೇಲ್ರೆಪ್ಪೆ ಸ್ವಲ್ಪ ಜೋತುಬಿದ್ದಂತಿರುವವರಿಗೆ ಈ ಕಾಟ ಇನ್ನೂ ಹೆಚ್ಚು.

ಆದ್ದರಿಂದ ಮೊದಲ ಉಪಾಯ ಹಚ್ಚುವುದಕ್ಕಿಂತ ಮುಂಚಿನದು. ಮುಖ ತೊಳೆದ ಮೇಲೆ ಕಣ್ಣಿನ ಸುತ್ತ ಕ್ರೀಮ್ ಹಚ್ಚಿದ್ದರೆ ಅದು ಇಂಗುವ ತನಕ ಕಾಯಬೇಕು. ಐದಾರು ನಿಮಿಷ ಬಿಟ್ಟು, ರೆಪ್ಪೆಯನ್ನೂ ಕಣ್ಣ ಕೆಳಭಾಗವನ್ನೂ ಟಿಶ್ಯೂವಿನಿಂದ ಒತ್ತಬೇಕು, ಉಜ್ಜಬಾರದು. ಮೇಲೆ ಒಂದು ಚಿಟಿಕೆ ಪೌಡರ್. ಸ್ನಾನ ಮುಗಿಸಿ ಇನ್ನೂ ಬೆವರುತ್ತಿರುವಾಗಲೇ ಕನ್ನಡಿಯ ಮುಂದೆ ಕೂರುವುದು ಚೆನ್ನೈನಲ್ಲಿ ಎಲ್ಲರೂ ಮಾಡುವ ಆತುರ. ಫ್ಯಾನಿನ ಕೆಳಗೆ ಹತ್ತು ನಿಮಿಷ ಕೂತು ಮೈ ಆರಿದ ಮೇಲೆ ಶುರು ಮಾಡಿದರೆ ಗೆರೆ ಮಧ್ಯಾಹ್ನದವರೆಗೆ ಬಾಳುತ್ತದೆ.

ಎರಡನೆಯದು ಅನುಕ್ರಮ. ಕಣ್ಣು ಮೊದಲು, ಫೌಂಡೇಶನ್ ಆಮೇಲೆ. ಐಶ್ಯಾಡೊ ಎಷ್ಟೇ ಹುಷಾರಾಗಿ ಹಚ್ಚಿದರೂ ಪುಡಿ ಕೆನ್ನೆಯ ಮೇಲೆ ಉದುರುತ್ತದೆ. ಅಲ್ಲಿ ಇನ್ನೂ ಏನೂ ಹಚ್ಚಿಲ್ಲದಿದ್ದರೆ ಒಣ ಬ್ರಶ್ಶಿನಿಂದ ಕೊಡವಿಬಿಡಬಹುದು. ಬ್ರಶ್ಶಿನಲ್ಲಿ ಸ್ವಲ್ಪವೇ ಬಣ್ಣ ತೆಗೆದುಕೊಂಡು, ಡಬ್ಬಿಯ ಅಂಚಿಗೆ ಒಮ್ಮೆ ತಟ್ಟಿ, ರೆಪ್ಪೆಯ ಮೇಲೆ ಎಳೆಯದೆ ಒತ್ತುತ್ತ ಹೋದರೆ ಉದುರುವುದೇ ಕಡಿಮೆ.

ಮೂರನೆಯದು ಕೈ. ಕೈ ಗಾಳಿಯಲ್ಲಿದ್ದರೆ ಯಾರದ್ದೂ ನಡುಗುತ್ತದೆ. ಮೊಣಕೈಯನ್ನು ಮೇಜಿಗೆ ಊರಿ, ಕಿರುಬೆರಳನ್ನು ಕೆನ್ನೆಗೆ ತಾಗಿಸಿದರೆ ನಡುಕ ನಿಲ್ಲುತ್ತದೆ. ರಂಗೋಲಿಯ ಎಳೆ ಎಳೆಯುವವರೂ ಮೆಹಂದಿ ಹಾಕುವವರೂ ಕೈಗೆ ಹೀಗೇ ಒಂದು ಆಸರೆ ಹುಡುಕುತ್ತಾರೆ. ಕನ್ನಡಿಯನ್ನು ಗಲ್ಲಕ್ಕಿಂತ ಕೆಳಗಿಟ್ಟು, ತಲೆ ತುಸು ಎತ್ತಿ ಕೆಳಗೆ ನೋಡಿದರೆ ರೆಪ್ಪೆ ತಾನಾಗಿ ಬಿಗಿಯಾಗುತ್ತದೆ, ಬೆರಳಿನಿಂದ ಚರ್ಮ ಎಳೆಯಬೇಕಿಲ್ಲ. ಎಳೆದು ಹಾಕಿದ ಗೆರೆ ಕೈಬಿಟ್ಟ ಕೂಡಲೇ ಸುಕ್ಕಾಗುತ್ತದೆ. ಒಂದೇ ಉಸಿರಿಗೆ ಉದ್ದ ಗೆರೆ ಎಳೆಯುವ ಹಟವೂ ಬೇಡ. ರೆಪ್ಪೆಗೂದಲ ಬುಡದಲ್ಲಿ ಮೂರು ನಾಲ್ಕು ಸಣ್ಣ ಚುಕ್ಕಿ ಇಟ್ಟು, ಮಧ್ಯದಿಂದ ಹೊರಗೆ, ಆಮೇಲೆ ಒಳಗಿನಿಂದ ಮಧ್ಯಕ್ಕೆ ಸೇರಿಸಿದರೆ ಸಾಕು. ಹೊರತುದಿಯ ರೆಕ್ಕೆಗೆ ಹಳೆಯ ವಿಸಿಟಿಂಗ್ ಕಾರ್ಡನ್ನು ಓರೆಯಾಗಿ ಹಿಡಿದುಕೊಂಡರೆ ಎರಡೂ ಕಣ್ಣಿಗೆ ಒಂದೇ ಕೋನ ಸಿಗುತ್ತದೆ. ಬೇಸಿಗೆಯಲ್ಲಿ ಮೆತ್ತಗಾದ ಪೆನ್ಸಿಲ್ಲನ್ನು ಹತ್ತು ನಿಮಿಷ ಫ್ರಿಜ್ಜಿನಲ್ಲಿಟ್ಟು ಚೂಪು ಮಾಡಿದರೆ ತುದಿ ಮುರಿಯುವುದಿಲ್ಲ.

ಗೆರೆ ಎಳೆದ ಮೇಲೆ ಅರ್ಧ ನಿಮಿಷ ಕೆಳಗೆ ನೋಡುತ್ತಲೇ ಇರುವುದು ಬಹಳ ಮುಖ್ಯ. ಒದ್ದೆ ಗೆರೆ ಇರುವಾಗ ಮೇಲೆ ನೋಡಿದರೆ ಮಡಿಕೆಗೆ ಅಚ್ಚು ಬೀಳುತ್ತದೆ. ಒಣಗಿದ ಮೇಲೆ ಅದೇ ಬಣ್ಣದ ಐಶ್ಯಾಡೊವನ್ನು ತೆಳ್ಳಗೆ ಮೇಲೆ ಒತ್ತಿದರೆ, ಜಿಡ್ಡು ಬಂದರೂ ಮೊದಲು ಆ ಪುಡಿ ಹೀರಿಕೊಳ್ಳುತ್ತದೆ. ಮಸ್ಕರಾ ಹಚ್ಚುವಾಗ ಬ್ರಶ್ಶನ್ನು ಟಿಶ್ಯೂವಿಗೆ ಒಮ್ಮೆ ಒರೆಸಿಕೊಳ್ಳಬೇಕು. ಅದನ್ನು ಕೊಳವೆಯೊಳಗೆ ಪಂಪಿನಂತೆ ಆಡಿಸಿದರೆ ಒಳಗೆ ಗಾಳಿ ಸೇರಿ ಬೇಗ ಒಣಗುತ್ತದೆ. ರೆಪ್ಪೆಗೆ ಮಸ್ಕರಾ ತಗುಲಿದರೆ ತಕ್ಷಣ ಒರೆಸಬಾರದು. ಒದ್ದೆಯಲ್ಲಿ ಒರೆಸಿದರೆ ಮಸಿ, ಒಣಗಿದ ಮೇಲೆ ಒಣ ಇಯರ್ ಬಡ್‌ನಿಂದ ತಟ್ಟಿದರೆ ಪುಡಿಯಾಗಿ ಉದುರುತ್ತದೆ. ಲೈನರ್ ತಪ್ಪಿದರೆ ಮಾತ್ರ ಬಡ್ಸ್ ತುದಿಗೆ ಚೂರು ರಿಮೂವರ್ ಹಚ್ಚಿ, ಗೆರೆಯ ಹೊರಗಿನಿಂದ ಗೆರೆಯ ಕಡೆಗೆ ತಿದ್ದಬೇಕು.

ಈ ಉಪಾಯಗಳಲ್ಲಿ ಯಾವುದೂ ಹೊಸದಲ್ಲ. ಚೆನ್ನೈನಲ್ಲಿ ಇವನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲವರು ನೃತ್ಯದವರು. ಭರತನಾಟ್ಯದಲ್ಲಿ ಕಣ್ಣಿನ ಗೆರೆ ಅಂದಕ್ಕಾಗಿ ಮಾತ್ರ ಇರುವುದಿಲ್ಲ. ನಾಟ್ಯಶಾಸ್ತ್ರ 36 ಬಗೆಯ ದೃಷ್ಟಿಗಳನ್ನು ಹೇಳುತ್ತದೆ, ಅವು ಸಭೆಯ ಕೊನೆಯ ಸಾಲಿಗೂ ಕಾಣಬೇಕು. ಅದಕ್ಕೇ ಗೆರೆ ದಪ್ಪ, ಕಣ್ಣಿನಿಂದ ಆಚೆಗೆ ಚಾಚಿರುತ್ತದೆ, ಹುಬ್ಬೂ ಅದರ ಜೊತೆಗೇ ಉದ್ದವಾಗುತ್ತದೆ. ಡಿಸೆಂಬರ್ ಜನವರಿಯ ಸೀಸನ್ನಿನಲ್ಲಿ ಸಭಾಗಳ ಗ್ರೀನ್ ರೂಮುಗಳಲ್ಲಿ ದೊಡ್ಡ ಹುಡುಗಿಯರು ಚಿಕ್ಕವರಿಗೆ ಗೆರೆ ಎಳೆದುಕೊಡುತ್ತಾರೆ. “ಕೀಳೇ ಪಾರು, ಆಡಾದೇ” ಎನ್ನುತ್ತಾರೆ, ಕೆಳಗೆ ನೋಡು, ಅಲುಗಾಡಬೇಡ ಎಂದು. ವರ್ಣದಂಥ ಉದ್ದದ ನೃತ್ಯದ ಮಧ್ಯೆ ಬೆವರಿನೊಂದಿಗೆ ಕಪ್ಪು ಕಣ್ಣಿಗೆ ಇಳಿದರೆ ಉರಿ ತಡೆಯಲಾಗುವುದಿಲ್ಲ, ಒರೆಸಿಕೊಳ್ಳಲು ಕೈ ಬಿಡುವಿರುವುದಿಲ್ಲ. ಅಲ್ಲಿ ಅಚ್ಚುಕಟ್ಟು ಎಂದರೆ ಕಣ್ಣು ಬಿಟ್ಟುಕೊಂಡು ನೃತ್ಯ ಮುಗಿಸಲು ಆಗುವುದು.

ಇದೇ ಊರಿನ ಸಿನಿಮಾ ಸ್ಟುಡಿಯೊಗಳಲ್ಲಿ ಈ ವಿದ್ಯೆಗೆ ಸಂಬಳವಿತ್ತು, ಪದವಿಯಿತ್ತು. ಕನ್ನಡ ಚಿತ್ರರಂಗವೂ ಬಹಳ ಕಾಲ ಮದರಾಸಿನಲ್ಲೇ ಬೆಳೆಯಿತು. ರಾಜ್‌ಕುಮಾರ್ ನಾಯಕರಾದ ಮೊದಲ ಚಿತ್ರ, 1954ರ ‘ಬೇಡರ ಕಣ್ಣಪ್ಪ’ ಇಲ್ಲಿಯ ಎವಿಎಂ ಜೊತೆಗೂಡಿ ಆದದ್ದು, ಕಥೆಯೇ ಕಣ್ಣು ಕಿತ್ತುಕೊಟ್ಟ ಭಕ್ತನದು. ಕಪ್ಪು ಬಿಳುಪಿನ ಚಿತ್ರದಲ್ಲಿ ಮುಖಕ್ಕೆ ಬಣ್ಣದ ನೆರವಿರಲಿಲ್ಲ, ದೊಡ್ಡ ದೀಪಗಳ ಸೆಕೆಯ ಕೆಳಗೂ ಕಣ್ಣಿನ ಗೆರೆ ನಿಲ್ಲಬೇಕಿತ್ತು. ಆ ಕೆಲಸ ಮಾಡುವವರ ಹೆಸರೇ ‘ಮೇಕಪ್‌ಮ್ಯಾನ್’. ಮನೆಮನೆಯಲ್ಲಿ ಹೆಂಗಸರು ಕಾಡಿಗೆ ಕಾಯಿಸಿ ಹಚ್ಚುತ್ತಿದ್ದ ನಾಡಿನಲ್ಲಿ, ಕೂಲಿ ಸಿಗುವ ಕಡೆ ಅದು ಗಂಡಸರ ಕೆಲಸವಾಗಿತ್ತು. ಮುಂಬೈನ ಕಲಾವಿದರ ಸಂಘವಂತೂ ಹೆಂಗಸರಿಗೆ ಕೇಶಾಲಂಕಾರದ ಕಾರ್ಡು ಕೊಡುತ್ತಿತ್ತೇ ಹೊರತು ಮೇಕಪ್ಪಿನ ಕಾರ್ಡು ಕೊಡುತ್ತಿರಲಿಲ್ಲ. ಅಮೆರಿಕದಲ್ಲಿ ತರಬೇತಿ ಪಡೆದು ಬಂದ ಚಾರು ಖುರಾನಾ ಅವರಿಗೂ ಅದು ಸಿಗಲಿಲ್ಲ. ಅವರೂ ಇತರರೂ ಸುಪ್ರೀಂ ಕೋರ್ಟಿಗೆ ಹೋದರು. ನ್ಯಾಯಮೂರ್ತಿ ದೀಪಕ್ ಮಿಶ್ರಾ ಮತ್ತು ಯು.ಯು. ಲಲಿತ್ ಅವರ ಪೀಠ 2014ರ ನವೆಂಬರ್ 10ರಂದು ಆ ನಿಯಮವನ್ನು ತೆಗೆದುಹಾಕಿತು. ಮಂಗಳಯಾನ ನೌಕೆ ಮಂಗಳದ ಕಕ್ಷೆ ಸೇರಿ ಆಗಲೇ ಒಂದೂವರೆ ತಿಂಗಳಾಗಿತ್ತು.

ಇನ್ನು ಗೆರೆ ಎಲ್ಲಿರಬೇಕು ಎಂಬ ಮಾತು. ರೆಪ್ಪೆಗೂದಲಿಗೂ ಕಣ್ಣುಗುಡ್ಡೆಗೂ ನಡುವೆ ಒದ್ದೆಯಾದ ಒಂದು ಕಿರಿದಾದ ಅಂಚಿದೆ. ಕಾಡಿಗೆಯನ್ನು ಅಲ್ಲೇ ತೀಡುವುದು ನಮ್ಮ ರೂಢಿ. ಆ ಅಂಚಿನಲ್ಲಿ ಸಣ್ಣ ಎಣ್ಣೆ ಗ್ರಂಥಿಗಳ ಬಾಯಿಗಳಿವೆ, ಮೇಲ್ರೆಪ್ಪೆಯಲ್ಲಿ ಸುಮಾರು 25ರಿಂದ 40, ಕೆಳಗೆ 20ರಿಂದ 30. ಕಣ್ಣೀರು ಬೇಗ ಆರದಂತೆ ಅದರ ಮೇಲೆ ತೆಳುವಾದ ಎಣ್ಣೆಯ ಪದರ ಹಾಸುವುದು ಇವುಗಳ ಕೆಲಸ. ದಿನವೂ ಅಲ್ಲಿ ಮೇಣ ಮೆತ್ತಿದರೆ ಬಾಯಿಗಳು ಕಟ್ಟಿಕೊಳ್ಳಬಹುದು, ಕಣ್ಣು ಒಣಗಿ ಉರಿಯಬಹುದು. ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದವರು 2015ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ, ಪೆನ್ಸಿಲ್ಲನ್ನು ಕೂದಲಿನ ಹೊರಗೆ ಹಚ್ಚಿದಾಗಿಗಿಂತ ಒಳಗೆ ಹಚ್ಚಿದಾಗ ಬಣ್ಣದ ಕಣಗಳು ಬೇಗನೆ, ಹೆಚ್ಚು ಪ್ರಮಾಣದಲ್ಲಿ ಕಣ್ಣೀರಿನೊಳಗೆ ಸೇರಿದ್ದು ಕಂಡಿತು. ಹರಡಿದ ಕಾಡಿಗೆ ಕೆನ್ನೆಗೆ ಮಾತ್ರ ಹೋಗುವುದಿಲ್ಲ ಎಂದಾಯಿತು. ಗೆರೆಯನ್ನು ಕೂದಲ ಬುಡದ ಹೊರಗೆ ಇಟ್ಟರೆ ಹರಡುವುದೂ ಕಡಿಮೆ, ಕಣ್ಣಿಗೂ ಕ್ಷೇಮ.

ಚೆನ್ನೈನ ಎಗ್ಮೋರಿನಲ್ಲಿ 1819ರಿಂದ ಕಣ್ಣಾಸ್ಪತ್ರೆಯಿದೆ. ಈಗ ಅಲ್ಲಿಯಾಗಲಿ ಬೇರೆಲ್ಲೇ ಆಗಲಿ ಕಣ್ಣಿನ ವೈದ್ಯರನ್ನು ಕೇಳಿದರೆ ಹೇಳುವ ಮಾತುಗಳು ಸರಳ. ಕಾಂಟ್ಯಾಕ್ಟ್ ಲೆನ್ಸ್ ಇದ್ದರೆ ಮೇಕಪ್ಪಿಗೆ ಮೊದಲು ಹಾಕಿಕೊಳ್ಳಿ, ಮೇಕಪ್ ತೆಗೆಯುವ ಮೊದಲು ತೆಗೆಯಿರಿ. ಮಸ್ಕರಾವನ್ನು ಮೂರು ತಿಂಗಳಿಗೊಮ್ಮೆ ಬದಲಿಸಿ. ಕಾಡಿಗೆ ಡಬ್ಬಿ, ಬ್ರಶ್ಶು ಹಂಚಿಕೊಳ್ಳಬೇಡಿ. ಗ್ರೀನ್ ರೂಮಿನಲ್ಲಿ ಒಂದೇ ಬ್ರಶ್ಶು ಹತ್ತು ಮಕ್ಕಳ ಕಣ್ಣಿಗೆ ಹೋಗುವಾಗ ಈ ಮಾತು ನೆನಪಿರಬೇಕು. ಎಳೆಗೂಸಿನ ಕಣ್ಣಿಗೆ ಏನೂ ಹಚ್ಚಬೇಡಿ, ದೃಷ್ಟಿಬೊಟ್ಟು ಕೆನ್ನೆಗೇ ಸಾಕು. ಲೇಬಲ್ ಇಲ್ಲದ ಸುರ್ಮಾ ಕೊಳ್ಳಬೇಡಿ. ಸೌಂದರ್ಯವರ್ಧಕಗಳಿಗೆ ಬಣ್ಣ ಕೊಡಲು ಸೀಸ ಬಳಸುವುದು ನಮ್ಮ ಕಾನೂನಿನಲ್ಲಿ ನಿಷಿದ್ಧ, ಆದರೂ ಕೆಲವು ಸುರ್ಮಾಗಳು ಸೀಸದ ಅದಿರನ್ನೇ ಅರೆದು ಮಾಡಿದಂಥವು.

ಉಳಿದದ್ದು ರಾತ್ರಿಯ ಕೆಲಸ. ಬೆಳಿಗ್ಗೆ ಕಾಡಿಗೆಯನ್ನು ಕೆಡಿಸುವ ಎಣ್ಣೆಯೇ ರಾತ್ರಿ ಅದನ್ನು ತೆಗೆಯುತ್ತದೆ. ಬರೀ ಸೋಪು ನೀರಿನಲ್ಲಿ ತಿಕ್ಕಿದರೆ ಕಣ್ಣು ಕೆಂಪಾಗುತ್ತದೆ, ಕಪ್ಪು ಹಾಗೇ ಉಳಿಯುತ್ತದೆ. ಕಣ್ಣಿಗೆಂದೇ ಸಿಗುವ ಎಣ್ಣೆಯಂಶದ ರಿಮೂವರನ್ನು ಹತ್ತಿಗೆ ಹಾಕಿ, ಮುಚ್ಚಿದ ರೆಪ್ಪೆಯ ಮೇಲೆ ಇಪ್ಪತ್ತು ಎಣಿಸುವಷ್ಟು ಹೊತ್ತು ಇಟ್ಟು, ಕೆಳಗೆ ಒಮ್ಮೆ ಸವರಿದರೆ ಬಹುಪಾಲು ಬಂದುಬಿಡುತ್ತದೆ. ಆಮೇಲೆ ಮುಖ ತೊಳೆದುಕೊಳ್ಳಬೇಕು. ರಾತ್ರಿ ಉಳಿದ ಕಪ್ಪು ಬೆಳಿಗ್ಗೆಯ ಗೆರೆಗೆ ಜಿಡ್ಡಾಗಿ ಸೇರುತ್ತದೆ. ಮರುದಿನ ರೈಲಿನಲ್ಲಿ ದುಪಟ್ಟಾದಿಂದ ಒರೆಸಿಕೊಳ್ಳುವ ಕಪ್ಪಿನಲ್ಲಿ ಹಿಂದಿನ ರಾತ್ರಿ ತೆಗೆಯದೆ ಮಲಗಿದ್ದರ ಪಾಲೂ ಇರುತ್ತದೆ.