ತಂತಿ ಸುಡಬೇಕು
ಜಕ್ಕಲಿಯ ನಮ್ಮ ಮನೆಯಲ್ಲಿ ಫ್ಯೂಸ್ ಹೋದಾಗೆಲ್ಲ ಅಪ್ಪ ಎಳೆಯಂಥ ಸಣ್ಣ ತಂತಿಯನ್ನೇ ಹುಡುಕುತ್ತಿದ್ದ.

"ದಪ್ಪಂದು ಹಾಕಪಾ, ಪದೇ ಪದೇ ಹೋಗೂದಿಲ್ಲ" ಅಂದೆ.

"ತಂತಿ ಸುಡಬೇಕೋ, ಮನಿ ಅಲ್ಲ" ಅಂದ.

ಒಮ್ಮೆ ಅವನಿಲ್ಲದಾಗ ನಾನೇ ದಪ್ಪ ತಾಮ್ರದ ತಂತಿ ಸುತ್ತಿದೆ. ಆ ರಾತ್ರಿ ಫ್ಯೂಸ್ ಹೋಗಲಿಲ್ಲ, ಜಂತಿಯ ಮೇಲಿನ ವೈರೇ ಹೊತ್ತಿಕೊಂಡಿತು. ಕೆಳಗೆ ಅಜ್ಜಿ ಮಲಗಿದ್ದಳು. ಅವ್ವ ಓಡಿಹೋಗಿ ಮೇನ್ ಆಫ್ ಮಾಡಿದಳು.

ಮುಂದೆ ಕಾಲೇಜಿನಲ್ಲಿ ಓದಿದೆ: ಅಮೆರಿಕದ ಸ್ಯಾಂಡಿಯಾ ಪ್ರಯೋಗಾಲಯದಲ್ಲಿ ಕೂದಲಿಗಿಂತ ತೆಳ್ಳನೆಯ ಟಂಗ್‌ಸ್ಟನ್ ತಂತಿಗಳಿಗೆ ಸುಮಾರು 2 ಕೋಟಿ ಆಂಪಿಯರ್ ಹರಿಸುತ್ತಾರೆ. ತಂತಿ ಸಿಡಿದು ಆವಿಯಾಗಿ, ಪರಮಾಣುಗಳಿಂದ ಎಲೆಕ್ಟ್ರಾನ್ ಕಳಚಿ ಪ್ಲಾಸ್ಮಾ ಆಗುತ್ತದೆ. ನಮ್ಮ ಪಿಂಗಾಣಿ ಫ್ಯೂಸಿನ ಫಳಕ್ ಬೆಳಕು ಅದರದೇ ಪುಟ್ಟ ತಮ್ಮ.

ಈಗ ಬೆಂಗಳೂರಿನ ಫ್ಲ್ಯಾಟಿನಲ್ಲಿ ಎಂಸಿಬಿ ಟಪ್ಪಂತ ಬಿದ್ದರೆ ಬೈಯುವುದಿಲ್ಲ. ಮೊದಲು ಗೀಸರ್ ಆಫ್ ಮಾಡಿ, ಆಮೇಲೆ ಎತ್ತುತ್ತೇನೆ.