ಚಿಟಿಕೆಯ ಅರಿಸಿನ, ಡಬ್ಬಿಯ ಅರಿಸಿನ

ಮಾಘದ ಬಿಸಿಲಲ್ಲಿ ಚಾಮರಾಜನಗರದಿಂದ ತೆರಕಣಾಂಬಿ ಮೇಲೆ ಗುಂಡ್ಲುಪೇಟೆಗೆ ಹೊರಟರೆ ಬಸ್ಸಿನ ಕಿಟಕಿ ಮುಚ್ಚಬೇಡಿ. ಅರಿಸಿನ ಬೇಯುವ ಘಮಲು ಒಳಗೆ ಬರಲಿ. ಹೊಲದ ಮಗ್ಗುಲಲ್ಲಿ ಕೊಪ್ಪರಿಗೆ, ಮೇಲೆ ನೊರೆ, ಬಿಳಿ ಹಬೆ. ಒಂದು ಕೊಂಬು ತೆಗೆದು ಕಡ್ಡಿ ಚುಚ್ಚಿ ನೋಡುತ್ತಾರೆ. ಸಲೀಸಾಗಿ ಇಳಿದರೆ ಬೆಂದಿತು. ಹೆಚ್ಚು ಬೆಂದರೆ ಬಣ್ಣ ಕೆಡುತ್ತದೆ, ಕಡಿಮೆ ಬೆಂದರೆ ಒಣಗಿದ ಕೊಂಬು ಪುಡಿಪುಡಿ. ಅರಿಸಿನಕ್ಕೆ ಹದವೇ ಜೀವ.

ಮೊನ್ನೆ ಗುಂಡ್ಲುಪೇಟೆಯ ಚಿಕ್ಕಮ್ಮನ ಮನೆಯಲ್ಲಿ ಈ ಹದದ ಮಾತೇ ನೆನಪಾಯಿತು. ಮಂಡಿನೋವಿಗೆಂದು ಮಗ ಬೆಂಗಳೂರಿನಿಂದ ಅರಿಸಿನದ ಕ್ಯಾಪ್ಸೂಲ್ ತಂದುಕೊಟ್ಟಿದ್ದಾನೆ. ಚಿಕ್ಕಮ್ಮ ಹೃದಯಕ್ಕೆಂದು ರಕ್ತ ತೆಳುವಾಗಿಸುವ ಮಾತ್ರೆಯನ್ನೂ ನುಂಗುವವರು. "ಡಾಕ್ಟರಿಗೆ ಹೇಳಿದ್ದೀರಾ?" ಎಂದೆ. "ನಮ್ಮ ಹೊಲ್ದಲ್ಲಿ ಬೆಳಿಯೋ ಅರಿಸ್ನ ತಾನೆ ಕಣ್ ಮಗ, ಇದ್ನೂ ಹೇಳ್ಬೇಕಾ?"

ಹೇಳಲೇಬೇಕು. ಅರಿಸಿನದ ಪುಡಿಯಲ್ಲಿ ಕರ್ಕ್ಯುಮಿನ್ ಎಂಬ ಸತ್ವ ಇರುವುದು ನೂರಕ್ಕೆ ಮೂರರಷ್ಟು. ಡಬ್ಬಿಯ ಮೇಲೆ 500 ಮಿ.ಗ್ರಾಂ, ಶೇ. 95 ಎಂದಿದ್ದರೆ ಒಂದು ಕ್ಯಾಪ್ಸೂಲ್ ಎಂದರೆ ಸುಮಾರು ಐದು ಚಮಚ ಪುಡಿಯ ಸತ್ವ. ಸಾರಿಗೆ ಐದು ಚಮಚ ಅರಿಸಿನ ಹಾಕುವ ಮನೆ ಯಾವುದಿದೆ? ಅದರ ಜೊತೆಗೆ ಕಾಳುಮೆಣಸಿನ ಪೈಪರಿನ್ ಬೇರೆ. ಅದು ಸೇರಿದರೆ ಕರ್ಕ್ಯುಮಿನ್ ರಕ್ತಕ್ಕೆ ಸುಮಾರು 20 ಪಟ್ಟು ಹೆಚ್ಚು ಇಳಿಯುತ್ತದೆಂದು 1998ರಲ್ಲಿ ತೋರಿಸಿದವರು ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರೇ. ಇಟಲಿಯಲ್ಲಿ ಇಂಥ ಕ್ಯಾಪ್ಸೂಲ್ ನುಂಗಿದ 20ಕ್ಕೂ ಹೆಚ್ಚು ಜನರಿಗೆ ಯಕೃತ್ತು ಊದಿ, 2019ರಲ್ಲಿ ಡಬ್ಬಿಯ ಮೇಲೆ ಎಚ್ಚರಿಕೆ ಬರೆಯಬೇಕೆಂದು ಸರ್ಕಾರ ವಿಧಿಸಿತು. ಕಣ್ಣು ಹಳದಿಯಾಗುವ ಕಾಯಿಲೆಗೆ ನಮ್ಮಲ್ಲಿ ಅರಿಸಿನ ಕಾಮಾಲೆ ಎಂದೇ ಹೆಸರು. ಅದು ಅರಿಸಿನದಿಂದಲೇ ಬರಬಾರದಲ್ಲ!

ಎಲ್ಲರಿಗೂ ಹೀಗಾಗುವುದಿಲ್ಲ. ಆದರೆ ರಕ್ತ ತೆಳುವಾಗಿಸುವ ಮಾತ್ರೆ ತಿನ್ನುವವರು, ಪಿತ್ತಕೋಶದಲ್ಲಿ ಕಲ್ಲಿರುವವರು, ಯಕೃತ್ತಿನ ತೊಂದರೆಯವರು, ಬಸುರಿಯರು, ಶಸ್ತ್ರಚಿಕಿತ್ಸೆಗೆ ದಿನ ಗೊತ್ತಾದವರು ಕೇಳದೆ ನುಂಗಬಾರದು. ಮೂತ್ರ ಕಡುಬಣ್ಣಕ್ಕೆ ತಿರುಗಿದರೆ, ಮೈ ತುರಿಸಿದರೆ, ಊಟ ಸೇರದಿದ್ದರೆ ಕೂಡಲೇ ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು. ಸಾರಿನ ಚಿಟಿಕೆ, ರಾತ್ರಿಯ ಹಾಲಿನ ಚಿಟಿಕೆ ಅಡುಗೆ, ಡಬ್ಬಿಯದು ಔಷಧಿ.

ಚಿಕ್ಕಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಎದ್ದು, ಒಗ್ಗರಣೆ ಡಬ್ಬಿಯ ಪಕ್ಕದಲ್ಲಿದ್ದ ಆ ಡಬ್ಬಿಯನ್ನು ತಂದು, ಆಸ್ಪತ್ರೆಯ ಚೀಟಿ, ಮಾತ್ರೆಗಳಿದ್ದ ಬಟ್ಟೆ ಚೀಲದೊಳಗೆ ಇಟ್ಟರು.