ಹುಬ್ಬಿಲ್ಲದ ಮನೆ

ಮುಖದಲ್ಲಿ ಹುಬ್ಬಿಗೆ ಇರುವ ಕೆಲಸ ಅಲ್ಪ. ಆದರೂ ಹುಬ್ಬಿಲ್ಲದ ಮುಖವನ್ನು ಹಠಾತ್ತನೆ ಕಂಡರೆ ಯಾರಾದರೂ ಬೆಚ್ಚಿಬೀಳುತ್ತಾರೆ. 1910ರಲ್ಲಿ, ಆಸ್ಟ್ರಿಯಾ-ಹಂಗೇರಿ ಸಾಮ್ರಾಜ್ಯದ ರಾಜಧಾನಿಯಾಗಿದ್ದ ವಿಯೆನ್ನಾ ನಗರದ ಜನ ಹೀಗೆಯೇ ಬೆಚ್ಚಿಬಿದ್ದರು. ಅವರು ಕಂಡದ್ದು ಮನುಷ್ಯನ ಮುಖವನ್ನಲ್ಲ, ಒಂದು ಕಟ್ಟಡದ ಮುಖವನ್ನು.

ಆ ಕಟ್ಟಡ ಎದ್ದದ್ದು ಮಿಖಾಯೆಲರ್ ಚೌಕದಲ್ಲಿ, ಚಕ್ರವರ್ತಿಯ ಹೋಫ್‌ಬುರ್ಗ್ ಅರಮನೆಯ ಹೆಬ್ಬಾಗಿಲಿಗೆ ಎದುರಾಗಿ. ಕಟ್ಟಿಸಿದವರು ಗೋಲ್ಡ್‌ಮನ್ ಮತ್ತು ಸಲಾಟ್ಷ್ ಎಂಬ ಹೆಸರಾಂತ ದರ್ಜಿ ಅಂಗಡಿಯವರು. ಕಟ್ಟಿದ ವಾಸ್ತುಶಿಲ್ಪಿ ಅಡಾಲ್ಫ್ ಲೋಸ್. ಕೆಳಗೆ ಅಂಗಡಿ, ಮೇಲೆ ಸಂಸಾರಗಳಿಗೆ ವಸತಿ. ಅಂದಿನ ವಿಯೆನ್ನಾದಲ್ಲಿ ದೊಡ್ಡ ಕಟ್ಟಡವೆಂದರೆ ಕಿಟಕಿಯ ಮೇಲೆ ಹೂಹಾರ, ದೇವತೆಯ ಮುಖ, ಬಳ್ಳಿಯ ಕೆತ್ತನೆ ಇರಲೇಬೇಕು. ಲೋಸ್ ಇದಾವುದನ್ನೂ ಇಡಲಿಲ್ಲ. ಸುಣ್ಣದ ಗಾರೆಯ ನುಣುಪು ಗೋಡೆ, ಅದರಲ್ಲಿ ಸಾಲುಸಾಲಾಗಿ ಬೋಳು ಕಿಟಕಿಗಳು, ಅಷ್ಟೇ.

ಜನ ಅದನ್ನು ‘ಹುಬ್ಬಿಲ್ಲದ ಮನೆ’ ಎಂದು ಹಾಸ್ಯಮಾಡಿದರು. ಬೀದಿಯ ಚರಂಡಿಯ ಮುಚ್ಚಳವೇ ಶಿಲ್ಪಿಗೆ ಸ್ಫೂರ್ತಿಯೆಂದು ವ್ಯಂಗ್ಯಚಿತ್ರ ಪ್ರಕಟವಾಯಿತು. ವೃದ್ಧ ಚಕ್ರವರ್ತಿ ಫ್ರಾನ್ಸ್ ಜೋಸೆಫ್ ಆ ದಿಕ್ಕಿನ ಪರದೆಗಳನ್ನು ಮುಚ್ಚಿಸಿದನೆಂಬ ಕಥೆಯೂ ಹಬ್ಬಿತು. ಕಥೆ ನಿಜವೋ ಸುಳ್ಳೋ, ನಗರಾಡಳಿತವು ಕೆಲಸವನ್ನು ನಿಲ್ಲಿಸಿದ್ದು ಮಾತ್ರ ನಿಜ. ಕಳವಳದಿಂದ ಲೋಸ್‌ಗೆ ಹೊಟ್ಟೆಯ ಹುಣ್ಣು ಹಿಡಿಯಿತು. 1911ರ ಡಿಸೆಂಬರಿನಲ್ಲಿ ಅವನು ತನ್ನ ಮನೆಯ ಪರವಾಗಿ ಉಪನ್ಯಾಸ ಮಾಡಿದಾಗ ಎರಡು ಸಾವಿರಕ್ಕೂ ಹೆಚ್ಚು ಮಂದಿ ನೆರೆದಿದ್ದರು. ಕೊನೆಗೆ ರಾಜಿಯಾಯಿತು. ಕೆಲವು ಕಿಟಕಿಗಳ ಕೆಳಗೆ ಕಂಚಿನ ಹೂತೊಟ್ಟಿಗಳನ್ನಿಡಲು ಅವನು ಒಪ್ಪಿದ, ನಗರದವರೂ ಸುಮ್ಮನಾದರು.

ಇಂಥ ಮನೆಯನ್ನು ಕಟ್ಟಿಸಿದವರು ದರ್ಜಿಗಳೆಂಬುದು ಆಕಸ್ಮಿಕವಾಗಿರಲಾರದು. ಉಡುಪಿನ ಅಂದ ಕಸೂತಿಯಲ್ಲಿಲ್ಲ, ಬಟ್ಟೆಯ ಗುಣದಲ್ಲಿ ಮತ್ತು ಕತ್ತರಿಯ ಅಳತೆಯಲ್ಲಿ ಇದೆಯೆಂಬುದು ಒಳ್ಳೆಯ ದರ್ಜಿಗೆ ತಿಳಿದ ಮಾತು. ಲೋಸ್‌ನ ವಾದವೂ ಅದೇ. ಅನಗತ್ಯ ಅಲಂಕಾರವೆಂದರೆ ಕೆಲಸಗಾರನ ಶ್ರಮಕ್ಕೂ ಒಳ್ಳೆಯ ಸಾಮಗ್ರಿಗೂ ಆಗುವ ನಷ್ಟವೆಂದು ಅವನು ಬರೆದಿದ್ದ. ಸರಳತೆಯೆಂದರೆ ಬಡತನವೆಂದು ಮಾತ್ರ ಅವನು ತಿಳಿದಿರಲಿಲ್ಲ. ಅಂಗಡಿಯ ಮುಂಭಾಗಕ್ಕೆ ಗ್ರೀಸಿನ ಯೂಬಿಯ ದ್ವೀಪದಿಂದ ಹಸಿರು ಗೆರೆಗಳ ಅಮೃತಶಿಲೆಯನ್ನು ತರಿಸಿದ. ಉಳಿ ಮೂಡಿಸದ ಚಿತ್ತಾರವನ್ನು ಆ ಕಲ್ಲಿನ ಗೆರೆಗಳೇ ಮೂಡಿಸಿವೆ.

ಇಲ್ಲೊಂದು ವಿನೋದವೂ ಉಂಟು. ಬಾಗಿಲಲ್ಲಿ ಗಂಭೀರವಾಗಿ ನಿಂತಿರುವ ಅಮೃತಶಿಲೆಯ ಕಂಬಗಳು ಭಾರ ಹೊರುವುದಿಲ್ಲ. ಕಟ್ಟಡವನ್ನು ಹೊತ್ತಿರುವುದು ಕಬ್ಬಿಣ ಹುದುಗಿಸಿದ ಕಾಂಕ್ರೀಟಿನ ಚೌಕಟ್ಟು. ಅಲಂಕಾರವನ್ನು ಹಳಿದವನೂ ಅಲಂಕಾರದ ಆಸೆಯನ್ನು ಪೂರ್ತಿ ತೊರೆಯಲಿಲ್ಲ. ಮನುಷ್ಯಸ್ವಭಾವವೇ ಹಾಗಲ್ಲವೇ?

1918ರಲ್ಲಿ ಸಾಮ್ರಾಜ್ಯ ಅಳಿಯಿತು. 1933ರಲ್ಲಿ ಲೋಸ್ ತೀರಿಕೊಂಡ. 1947ರಲ್ಲಿ ಅದೇ ಬೋಳು ಮನೆ ರಕ್ಷಿತ ಸ್ಮಾರಕವೆನಿಸಿತು. ಒಮ್ಮೆ ಕೆಲಸ ನಿಲ್ಲಿಸಿದ ಊರೇ ಇಂದು ಅದನ್ನು ಅತಿಥಿಗಳಿಗೆ ಹೆಮ್ಮೆಯಿಂದ ತೋರಿಸುತ್ತದೆ. ರಾಜಿಗಾಗಿ ಇಟ್ಟ ಹೂತೊಟ್ಟಿಗಳು ಈಗಲೂ ಕಿಟಕಿಗಳ ಕೆಳಗಿವೆ. ಹುಬ್ಬು ಎಲ್ಲಿ ಎಂದು ಮಾತ್ರ ಈಗ ಯಾರೂ ಕೇಳುವುದಿಲ್ಲ.